ನಾಲ್ಕು ಡಬ್ಬಿ ನಿಪ್ಪಾಣಿ

ನಾಳೆ ನಮ್ಮ ಗುಬ್ಬಿಗೆ ಒಂದು ವರ್ಷ ತುಂಬುತ್ತದೆ. ಗುಬ್ಬಿ ಅಂದರೆ ನನ್ನ ಮೊಮ್ಮಗಳು. ಕಾಗದದಲ್ಲಿ ಅವಳ ಹೆಸರು ಬೇರೆ ಇದೆ. ಅದನ್ನು ಹೇಳಬೇಕಾದರೆ ನನ್ನ ನಾಲಿಗೆ ಎರಡು ಸಲ ಮಡಚಬೇಕು, ಹಾಗಾಗಿ ನನಗೆ ಅವಳು ಗುಬ್ಬಿಯೇ. ಮಗನ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹುಟ್ಟಿದವಳು. ಅವಳು ಆಕಳಿಸಿದರೂ ನಾನು ಓಣಿಗೆಲ್ಲ ಹೇಳಿ ಬರುತ್ತೇನೆ. ನಿಮಗೂ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ಮೊನ್ನೆ ಅವಳಿಗೆ ಐದನೆಯ ಹಲ್ಲು ಬಂತು. ಬಲಗಡೆ, ಮೇಲೆ. ಇನ್ನೂ ಅಕ್ಕಿಕಾಳಿನಷ್ಟೂ ಇಲ್ಲ.

ಬೆಳಿಗ್ಗೆ ಸೊಸೆ ಅಡುಗೆಮನೆಯಲ್ಲಿ ನಾಳೆಯ ಪಾರ್ಟಿಗೆಂದು ನೂಡಲ್ಸ್ ಮಾಡಿ ನೋಡುತ್ತಿದ್ದಳು. ನಾನು ಪಡಸಾಲೆಯಲ್ಲಿ ಗುಬ್ಬಿಗೆ ಗಂಜಿ ತಿನ್ನಿಸುತ್ತಿದ್ದೆ. ಒಳಗೆ ಬಾಟಲಿಯ ಮುಚ್ಚಳ ತೆರೆದ ಸದ್ದಾಯಿತು, ಬಾಣಲೆಯಲ್ಲಿ ವಿನೆಗರ್ ಚುರ್ ಅಂದಿತು, ಹುಳಿ ಘಾಟು ಹೊರಗೆ ಬಂತು. ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಗುಬ್ಬಿ ಬಾಯಿ ತೆರೆದುಕೊಂಡು ಕಾಯುತ್ತಿದ್ದಾಳೆ, ನಾನು ಎಲ್ಲೋ ಇದ್ದೇನೆ.

"ಯಾಕ್ರಿ ಅತ್ತಿ, ಏನಾತ್ರಿ?" ಅಂದಳು ಸೊಸೆ.

"ಏನಿಲ್ಲವ್ವಾ, ನಿನ್ನ ನೂಡಲ್ಸಿನ್ಯಾಗ ನನ್ನ ಸ್ಟುಡಿಯೋದ ವಾಸನಿ ಬಂತು."

"ಅಯ್ಯ! ಹಂಗಾದ್ರ ಇದನ ಯಾರ ತಿಂತಾರ್ರಿ ನಾಳೆ?" ಅಂತ ಅವಳು ಬಾಣಲೆಯನ್ನೇ ಇಳಿಸಿಬಿಟ್ಟಳು.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆಗ ಫೋಟೋ ತೊಳೆಯಲು ಕತ್ತಲೆ ಕೋಣೆಯಲ್ಲಿ ಮೂರು ತಟ್ಟೆ ಇಡುತ್ತಿದ್ದೆವು. ಮೊದಲನೆಯ ತಟ್ಟೆಯ ನೀರು ಚಿತ್ರವನ್ನು ಎಬ್ಬಿಸುತ್ತದೆ. ಮೂರನೆಯದು ಅದನ್ನು ಗಟ್ಟಿ ಮಾಡುತ್ತದೆ. ನಡುವಿನದು ಬರೀ 'ಸಾಕು' ಅನ್ನುತ್ತದೆ. ಇಷ್ಟೇ ಕಪ್ಪಾಗು, ಇನ್ನು ಆಗಬೇಡ ಅಂತ ತಡೆಯುತ್ತದೆ. ಆ ನಡುವಿನ ತಟ್ಟೆಗೆ ಇದೇ ಹುಳಿ ವಾಸನೆ. ನನ್ನ ಸೀರೆಗೂ ಕೂದಲಿಗೂ ಇಪ್ಪತ್ತು ವರ್ಷ ಅದೇ ವಾಸನೆ ಇತ್ತು.

ನಾನು ಅಂಕಲಿಯವಳು. ಓದಿದ್ದು ನಾಲ್ಕನೇ ಇಯತ್ತೆ, ಅದೂ ಅರ್ಧ. ಉಳಿದರ್ಧ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗುವುದರಲ್ಲಿ ಮುಗಿಯಿತು. ಈ ಬರಹದಲ್ಲಿ ಒತ್ತು, ದೀರ್ಘ ಸರಿಯಾಗಿದ್ದರೆ ಅದು ಸೊಸೆಯ ಪುಣ್ಯ. ಮಾತು ಅಡ್ಡಾದಿಡ್ಡಿಯಾಗಿದ್ದರೆ ಅದು ನನ್ನದೇ. ನಿಪ್ಪಾಣಿಗೆ ಮದುವೆಯಾಗಿ ಬಂದದ್ದು ತಂಬಾಕಿನ ದಿನಗಳಲ್ಲಿ. ಆಗ ಊರಿನ ಗಾಳಿಯೇ ತಂಬಾಕು. ಹೊಸ್ತಿಲಲ್ಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದೆಯುವುದರೊಳಗೆ ಹೊಸ ಸೊಸೆ ಏಳು ಸಲ ಸೀನಿದಳೆಂದು ನನ್ನ ಅತ್ತೆ ಸಾಯುವ ತನಕ ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಎಣಿಸಿರಲಿಲ್ಲ. ಅವರು ಎಣಿಸಿದ್ದರು.

ನಮ್ಮ ಮನೆಯವರದು ಫೋಟೋ ಸ್ಟುಡಿಯೋ. ಕೆಳಗೆ ಬೇರೆಯವರ ಕಿರಾಣಿ ಅಂಗಡಿ, ಮೇಲೆ ನಮ್ಮ ಸ್ಟುಡಿಯೋ, ಅದರ ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ರಸ್ತೆಗೆ ಮುಖ ಮಾಡಿ ಒಂದೇ ಒಂದು ದೊಡ್ಡ ಕಿಟಕಿ. ಕತ್ತಲೆ ಕೋಣೆಯ ಕೆಲಸ ನನಗೆ ಅವರೇ ಕಲಿಸಿದರು. ಕಲಿಸಿದರು ಅನ್ನುವುದಕ್ಕಿಂತ, ಹೆಂಡತಿ ಬಟ್ಟೆ ಚೆನ್ನಾಗಿ ತೊಳೆಯುತ್ತಾಳೆ, ಫೋಟೋ ಯಾಕೆ ತೊಳೆಯಬಾರದು ಅಂತ ಅವರಿಗೆ ಅನಿಸಿತ್ತು.

ಅವರದೊಂದು ನೇಮ ಇತ್ತು, ಅದನ್ನು ಹೇಳಲೇಬೇಕು. ನೆರೆಮನೆಯವರು ಬಟ್ಟಲಲ್ಲಿ ಪಲ್ಯ ಕೊಟ್ಟರೆ ನಾವು ಆ ಬಟ್ಟಲನ್ನು ಖಾಲಿ ಹಿಂದಿರುಗಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಅವರು ಫಿಲ್ಮ್ ರೋಲಿಗೂ ಅದೇ ನೇಮ ಹಚ್ಚಿದ್ದರು. ಒಂದು ರೋಲಿಗೆ ಹನ್ನೆರಡು ಫೋಟೋ. ಪಾಸ್‌ಪೋರ್ಟ್ ಫೋಟೋಕ್ಕೆಂದು ಇಬ್ಬರೇ ಬಂದು ನಾಳೆಯೇ ಬೇಕೆಂದು ಕೂತರೆ ರೋಲು ತೊಳೆಯದೆ ಉಪಾಯವಿಲ್ಲ. ಉಳಿದ ಹತ್ತು? "ಖಾಲಿ ರೋಲ್ ನೀರಿಗಿ ಇಳಸಬಾರದ ನೋಡ. ಅದಕ್ಕೂ ಏನರ ಉಣ್ಸಬೇಕು" ಅನ್ನುತ್ತಿದ್ದರು. ಅಂದು ಕ್ಯಾಮರಾ ಕೊರಳಿಗೆ ಹಾಕಿಕೊಂಡು ಊರು ಸುತ್ತಲು ಹೋಗುತ್ತಿದ್ದರು. ಬರುವಾಗ ಯಾವುದೋ ಎತ್ತು, ಯಾವುದೋ ಮರ, ಯಾರದೋ ಮುಪ್ಪಾದ ಸೈಕಲ್ಲು ತುಂಬಿಸಿಕೊಂಡು ಬರುತ್ತಿದ್ದರು.

ಮಗನಿಗೆ ಮೂರು ವರ್ಷವಾಗಿದ್ದಾಗ ಅವರು ಹೋದರು. ಕಾಮಾಲೆ, ಹದಿನೆಂಟು ದಿನ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅದನ್ನು ಬರೆಯಲು ಕೂತರೆ ಇದು ಬೇರೆಯೇ ಬರಹವಾಗುತ್ತದೆ, ಬಿಡಿ.

ಅವರಿದ್ದಾಗ ಮದುವೆಯ ದಿನಗಳಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿಯ ತನಕ ಕರೆ ಬರುತ್ತಿತ್ತು. ಅವರು ಹೋದ ಮೇಲೆ ಒಂದೂ ಬರಲಿಲ್ಲ. ಯಾರೂ ಬಾಯಿಬಿಟ್ಟು ಬೇಡ ಅನ್ನಲಿಲ್ಲ. ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಅವರ ನೇರ ಎದುರು ಗಂಡನಿಲ್ಲದವಳು ನಿಲ್ಲುವುದೆಂದರೆ ಹೇಗೆ? ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ: ಜನ ಕರೆಯದಿದ್ದದ್ದು ನನಗೆ ಅನ್ಯಾಯವೆನಿಸಲಿಲ್ಲ. ನನಗೂ ಹಾಗೆಯೇ ಅನಿಸುತ್ತಿತ್ತು. ನನ್ನ ನೆರಳಿಗೆ ನಾನೇ ಎಲ್ಲರಿಗಿಂತ ಹೆಚ್ಚು ಅಂಜುತ್ತಿದ್ದೆ.

ಪಾಸ್‌ಪೋರ್ಟ್ ಫೋಟೋದವರು ಮಾತ್ರ ಬರುತ್ತಿದ್ದರು. ಗೋಡೆಯ ಮುಂದಿನ ಸ್ಟೂಲಿನ ಮೇಲೆ ಕೂತು ಉಸಿರು ಬಿಗಿಹಿಡಿದು ಹೋಗುತ್ತಿದ್ದರು. ರೋಲು ಉಳಿಯುತ್ತಿತ್ತು. ಗಂಡನ ನೇಮ ಮುರಿಯಲು ಮನಸ್ಸಾಗಲಿಲ್ಲ. ಒಂದು ದಿನ ಕ್ಯಾಮರಾ ಕೊರಳಿಗೆ ಹಾಕಿಕೊಂಡು ಮೆಟ್ಟಿಲ ತನಕ ಬಂದೆ. ಅತ್ತೆ ಅವರೆಕಾಯಿ ಸುಲಿಯುತ್ತ ತಲೆ ಎತ್ತದೆ ಅಂದರು:

"ಪ್ಯಾಟ್ಯಾಗ ತಿರಗಾಕ ಹೊಂಟೀ ಏನ? ಹೋಗ. ಮಂದಿ ಏನ ಅಂದ್ರು ಅನ್ನೂದನ ಸಂಜಿಕ ಬಂದು ನೀನಽ ನನಗ ಹೇಳ."

ಹೋಗಲಿಲ್ಲ. ಹಿಂದಿರುಗಿ ಕಿಟಕಿಯಲ್ಲಿ ಕೂತೆ. ಅಂದಿನಿಂದ ನಾನು ತೆಗೆದ ನಿಪ್ಪಾಣಿಯೆಲ್ಲ ಆ ಕಿಟಕಿಯ ನಿಪ್ಪಾಣಿ. ಎದುರಿನ ಹೆಂಚಿನ ಸಾಲು, ಬೇವಿನ ಮರದ ಅರ್ಧ, ನೀರಿನ ನಲ್ಲಿ, ತಂಬಾಕಿನ ವಖಾರಿಗಳ ಕಡೆಗೆ ತಿರುಗುವ ರಸ್ತೆಯ ಮೂಲೆ. ವಖಾರಿ ಅಂದರೆ ತಂಬಾಕು ತುಂಬುವ, ಸೋಸುವ ದೊಡ್ಡ ಗೋದಾಮು. ಅಷ್ಟೇ ನನ್ನ ಊರು. ಪೂರ್ತಿ ಬೇವಿನ ಮರ ನೋಡಿದ್ದು ನನಗೆ ನಲವತ್ತು ದಾಟುವ ಹೊತ್ತಿಗೆ.

ನಮ್ಮದು ಮೇಲಿನಿಂದ ಬಗ್ಗಿ ನೋಡುವ ಡಬ್ಬಿ ಕ್ಯಾಮರಾ. ಎದೆಯ ಮಟ್ಟದಲ್ಲಿ ಹಿಡಿದು, ಬಾವಿಯೊಳಗೆ ಇಣುಕಿದ ಹಾಗೆ ಇಣುಕಬೇಕು. ಒಳಗಿನ ಗಾಜಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೊರಟವರು ಆ ಗಾಜಿನಲ್ಲಿ ಮನೆಗೆ ಮರಳುತ್ತಿದ್ದರು. ಸಂಜೆ ಮರಳುವವರು ಮತ್ತೆ ಹೊರಟಿರುತ್ತಿದ್ದರು. ಎಷ್ಟೋ ಹೊತ್ತು ಗುಂಡಿ ಒತ್ತದೆ ಅದನ್ನೇ ನೋಡುತ್ತ ಕೂಡುತ್ತಿದ್ದೆ. ಮರಳುವವರ ಪೈಕಿ ಯಾರನ್ನು ಹುಡುಕುತ್ತಿದ್ದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ನಿಮ್ಮ ಊರಿನಲ್ಲಿ ಕಾಲ ಮೂರಿರಬಹುದು. ನಮ್ಮಲ್ಲಿ ನಾಲ್ಕು: ಮಳೆ, ಚಳಿ, ತಂಬಾಕು, ಬಿಸಿಲು. ಮಳೆಗಾಲದಲ್ಲಿ ಕೊಲ್ಹಾಪುರದ ಕಡೆಯಿಂದ ಮೋಡ ಬಂದು ಕೂತರೆ ಹದಿನೈದು ದಿನ ಏಳುವುದಿಲ್ಲ. ತೊಳೆದ ಫೋಟೋ ಒಣಗದೆ ಒಲೆಯ ಮೇಲೆ ತೂಗುಹಾಕಿ, ಎಲ್ಲರ ಮುಖಕ್ಕೂ ಜೋಳದ ರೊಟ್ಟಿಯ ಹೊಗೆ. ಚಳಿಗಾಲದಲ್ಲಿ ಮಂಜಿನೊಳಗಿನಿಂದ ಮೊದಲು ಎತ್ತಿನ ಗಂಟೆ ಕೇಳಿ ಆಮೇಲೆ ಕಬ್ಬಿನ ಗಾಡಿ ಕಾಣುತ್ತಿತ್ತು. ಆಮೇಲೆ ತಂಬಾಕು: ಎಲೆ ತುಂಬಿದ ಚೀಲಗಳು, ಬಂಗಾರದ ಬಣ್ಣದ ಧೂಳು, ಸೀನುವ ಎಮ್ಮೆಗಳು. ಹೌದು, ಎಮ್ಮೆಯೂ ಸೀನುತ್ತದೆ, ನನ್ನ ಹತ್ತಿರ ಫೋಟೋ ಇದೆ. ಕಡೆಗೆ ಬಿಸಿಲು. ಬೇರೆ ಸ್ಟುಡಿಯೋದವರೆಲ್ಲ ಮದುವೆಗಳಿಗೆ ಓಡುವ ಕಾಲ. ಕೆಳಗೆ ಬ್ಯಾಂಡಿನವರು ಹೋಗುತ್ತಿದ್ದರೆ ನಾನು ಕಿಟಕಿಯಿಂದ ಅವರ ತಲೆಗಳ ಫೋಟೋ ತೆಗೆಯುತ್ತಿದ್ದೆ. ಹಾಗಾಗಿ ನಾಲ್ಕರಲ್ಲಿ ಬಿಸಿಲಿನ ಡಬ್ಬಿಯೇ ಎಲ್ಲಕ್ಕಿಂತ ಭಾರ.

ಡಬ್ಬಿ ಅಂದೆನಲ್ಲ, ಬಿಸ್ಕೀಟಿನ ನಾಲ್ಕು ತಗಡಿನ ಡಬ್ಬಿ. ತೊಳೆದ ನೆಗೆಟಿವ್‌ಗಳನ್ನು ಕಾಲದ ಪ್ರಕಾರ ಒಂದೊಂದರಲ್ಲಿ ಹಾಕಿಡುತ್ತಿದ್ದೆ. ಬಲ್ಲವರಾಗಿದ್ದರೆ ವರ್ಷ, ತಿಂಗಳು ಬರೆದಿಡುತ್ತಿದ್ದರು. ನನಗೆ ಅಂಕಿ ಬರುತ್ತಿತ್ತು, ಮನಸ್ಸು ಬರುತ್ತಿರಲಿಲ್ಲ. ಅವರಿಲ್ಲದ ವರ್ಷಗಳಿಗೆ ನಂಬರು ಹಚ್ಚಿ ಏನು ಮಾಡುವುದಿತ್ತು? ಆ ವರ್ಷದ ಮಳೆ, ಈ ವರ್ಷದ ಮಳೆ ಎಲ್ಲ ಒಂದೇ ಡಬ್ಬಿಯಲ್ಲಿ ಸುರಿಯುತ್ತ ಬಿದ್ದಿತ್ತು.

ಇನ್ನು ಬಾಳವ್ವನ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿದ್ದು ಅವಳ ಹತ್ತಿರ ಬರಲು ಅಂಜಿಯೇ.

ಬಾಳವ್ವ ಬೇಡಕಿಹಾಳದಿಂದ ನಿಪ್ಪಾಣಿಗೆ ಬಂದು ನೆಲೆಸಿದವಳು, ನನಗಿಂತ ಆರೇಳು ವರ್ಷ ಹಿರಿಯಳು. ತಂಬಾಕಿನ ವಖಾರಿಯಲ್ಲಿ ಎಲೆ ಸೋಸುವ ಕೆಲಸ. ಗಂಡ ಕಬ್ಬು ಕಡಿಯುವವರ ಜೊತೆ ಊರೂರು ಅಲೆಯುತ್ತಿದ್ದ. ಮನೆಯಲ್ಲಿ ಅವಳು ಮತ್ತು ಒಬ್ಬಳೇ ಮಗಳು ಕಸ್ತೂರಿ. ದಿನಾ ಎಂಟರ ಸುಮಾರಿಗೆ ನಮ್ಮ ಕಿಟಕಿಯ ಕೆಳಗೆ ಬಂದವಳೇ ಒಂದು ಗಳಿಗೆ ನಿಂತು, ಮುಖದ ಮೇಲಿನ ಬಟ್ಟೆ ಸರಿಸಿ, ರಸ್ತೆಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು:

"ಏನ್ರಿ ಫೋಟೋ ಬಾಯಾರ, ಊರು ಇದ್ದಲ್ಲೇ ಐತೇನ್ರಿ?"

"ಐತಿ ಬಾಳವ್ವಾ, ನೀ ಹೋಗಿ ಬರೂದ್ರಾಗ ಓಡಿ ಹೋಗಂಗಿಲ್ಲ."

"ಗಟ್ಟಿ ಹಿಡಕೊಂಡು ಕುಂದರ್ರಿ ಮತ್ತ. ಸಂಜಿಕ ನನಗ ಬೇಕಾಗೇತಿ ಅದು."

ಬಾಯಾರ ಅಂದರೆ ನಮ್ಮ ಕಡೆ ಅಮ್ಮಾವ್ರು. ಜೊತೆಯ ಹೆಂಗಸರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ದಿನಕ್ಕೆ ಒಂದು ಸಲ ನನ್ನ ಬಾಯಿ ತೆರೆಯುತ್ತಿದ್ದದ್ದು ಅದೇ ಹೊತ್ತು. ಅತ್ತೆ ಮಾತು ಕಡಿಮೆಯವರು, ಮಗ ಶಾಲೆಗೆ ಹೋಗುತ್ತಿದ್ದ, ಫೋಟೋಕ್ಕೆ ಬಂದವರಿಗೆ "ಗದ್ದ ಸ್ವಲ್ಪ ಮ್ಯಾಲ" ಅನ್ನುವುದನ್ನು ನಾನು ಮಾತೆಂದು ಲೆಕ್ಕ ಹಿಡಿಯುವುದಿಲ್ಲ.

ಒಮ್ಮೆ ಕೇಳಿದೆ, "ಮ್ಯಾಲ ಬಾ ಬಾಳವ್ವಾ, ನಿಂದೊಂದ ಫೋಟೋ ತಗೀತೀನಿ."

"ಈ ಅವತಾರದಾಗನ? ಬ್ಯಾಡ್ರಿ ಬಾಯಾರ, ಕ್ಯಾಮರಾ ಕೆಟ್ಟೀತು. ನನ್ನ ಕಸ್ತೂರಿ ಲಗ್ನದಾಗ ಇಳಕಲ್ ಸೀರಿ ಉಟಗೊಂಡ ನಿಂದರ್ತೀನಿ, ಆವಾಗ ತಗೀರಿ. ಬೀಗರು ನೋಡಿ ಅಂಜಬೇಕು, ಹಂಗ ತಗೀಬೇಕ ನೋಡ್ರಿ."

ಹೀಗೆ ಹತ್ತು ವರ್ಷ ನಡೆಯಿತು. ಕಸ್ತೂರಿಯ ಲಗ್ನ ಕೂಡಿಬಂತು. ಬಾಳವ್ವ ಮೊದಲ ಸಲ ನಮ್ಮ ಮೆಟ್ಟಿಲು ಹತ್ತಿ ಬಂದಳು, ಕೈಯಲ್ಲಿ ಲಗ್ನಪತ್ರಿಕೆ, ಸೆರಗಿನಲ್ಲಿ ಕಟ್ಟಿದ ಅರಿಶಿನದ ಅಕ್ಕಿ. ಎದುಸಿರು ಬಿಡುತ್ತ ಸ್ಟೂಲಿನ ಮೇಲೆ ಕೂತಳು.

"ಎಷ್ಟ ಮೆಟ್ಟಲಾ ಅದಾವ್ರಿ ತಾಯಿ! ಅದಕ್ಕಽ ನೀವು ಇಳಿಯಂಗಿಲ್ಲ. ಇರ್ಲಿ, ಬರೂ ಸೋಮವಾರ ಇಳೀಬೇಕಾಗತೈತಿ. ನನ್ನ ಮಗಳ ಲಗ್ನ ನೀವಽ ತಗೀಬೇಕು."

ಹತ್ತು ವರ್ಷದಲ್ಲಿ ನನ್ನನ್ನು ಮದುವೆಗೆ ಕರೆದವಳು ಅವಳೊಬ್ಬಳು. ಹುಡುಗಿಗೆ ನಾಳೆ ಏನಾದರೂ ಆದರೆ? ಬೀಗರು ಏನಾದರೂ ಅಂದರೆ? ಬಸುರು ನಿಲ್ಲದಿದ್ದರೆ, ನಿಂತ ಬಸುರು ಇಳಿದುಹೋದರೆ, ಎಲ್ಲಕ್ಕೂ ಅಕ್ಕಿಕಾಳಿನ ಹೊತ್ತು ಎದುರು ನಿಂತವಳೇ ಕಾರಣಳಾಗುತ್ತಾಳೆ. ಬಾಯಿಗೆ ಬಂದ ಸುಳ್ಳು ಹೇಳಿದೆ:

"ಕ್ಯಾಮರಾ ರಿಪೇರಿಗೆ ಕೊಲ್ಹಾಪುರಕ್ಕ ಹೋಗೇತಿ ಬಾಳವ್ವಾ."

ಕ್ಯಾಮರಾ ಅವಳ ಬೆನ್ನ ಹಿಂದೆ ಕಿಟಕಿಯ ಕಟ್ಟೆಯ ಮೇಲಿತ್ತು. ಬಾಳವ್ವ ಹೊರಳಿ ಅದನ್ನು ನೋಡಿದಳು. ನನ್ನನ್ನು ನೋಡಿದಳು. ಸೆರಗಿನ ಗಂಟು ಬಿಚ್ಚಿ ನಾಲ್ಕು ಕಾಳು ಅಕ್ಕಿಯನ್ನು ನನ್ನ ಅಂಗೈಯಲ್ಲಿಟ್ಟು ಎದ್ದಳು.

"ಇರ್ಲಿ ಬಿಡ್ರಿ ಬಾಯಾರ. ಅದೂ ದಣದಿರ್ಬೇಕು."

ಸೋಮವಾರ ಬಾಗಿಲು ಹಾಕಿಕೊಂಡು ಒಳಗೆ ಕೂತೆ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕಿಟಕಿಯಲ್ಲಿ ಕೂತೆ. ಬಾಳವ್ವ ಮೂರು ದಿನ ಬಿಟ್ಟು ಬಂದಳು, ನಮ್ಮ ಕಿಟಕಿಯ ಕೆಳಗೆ ನಿಲ್ಲದೆ, ತಲೆ ಎತ್ತದೆ ಹೋದಳು. ಮರೆತಳೇನೋ ಅಂದುಕೊಂಡೆ. ಮರುದಿನವೂ ಹಾಗೆಯೇ. ಮೇಲಿನಿಂದ ನಾನೇ ಕೂಗಬಹುದಿತ್ತು. 'ಊರು ಇದ್ದಲ್ಲೇ ಐತಿ' ಅಂದಿದ್ದರೆ ಸಾಕಿತ್ತು, ಅವಳು ನಕ್ಕುಬಿಡುತ್ತಿದ್ದಳು. ಎಷ್ಟೋ ಸಲ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೂಲೆ ತಿರುಗಿರುತ್ತಿದ್ದಳು. ಒಂದು ತಂಬಾಕು ಹೋಯಿತು, ಒಂದು ಬಿಸಿಲು ಹೋಯಿತು. ನಾನು ರೋಲು ತುಂಬಿಸುತ್ತಲೇ ಇದ್ದೆ.

ಎರಡನೆಯ ಮಳೆಗಾಲದಲ್ಲಿ ಒಂದು ವಾರ ಬಾಳವ್ವ ಕಾಣಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದು ಹೋಗಿಬಿಟ್ಟಳೆಂದು ಕೆಳಗಿನ ಕಿರಾಣಿ ಅಂಗಡಿಯವರು ಸಕ್ಕರೆ ಕೊಡಲು ಮೇಲೆ ಬಂದಾಗ ಹೇಳಿದರು. ಮಣ್ಣು ಕೊಟ್ಟು ಮೂರು ದಿನವಾಗಿತ್ತಂತೆ. ಮೆರವಣಿಗೆ ಬೇರೆ ಓಣಿಯಿಂದ ಹೋಗಿತ್ತು, ನನ್ನ ಕಿಟಕಿಗೆ ಕಂಡಿರಲಿಲ್ಲ.

ಮರುದಿನ ಕಸ್ತೂರಿ ಬಂದಳು. ಮದುವೆಯಾಗಿ ಎರಡು ವರ್ಷವೂ ಆಗದ ಹುಡುಗಿ, ಅಳು ಮುಗಿದು ಮುಖ ಊದಿಕೊಂಡಿತ್ತು.

"ಬಾಯಾರ, ನಿಮ್ಮ ಕಡೆ ನಮ್ಮವ್ವನ ಫೋಟೋ ಒಂದರ ಐತೇನ್ರಿ? ದಿನಕರ್ಮಕ್ಕ ಇಡಬೇಕು."

"ನಿನ್ನ ಲಗ್ನದ ಅಲ್ಬಮ್ ಐತೆಲ್ಲವ್ವಾ?"

"ಅದರಾಗ ಅವ್ವ ಇಲ್ರಿ. ಬೀಗರ ಕಡಿಯಾಂವ ಒಬ್ಬ ಬಂದು ತಗದಾ. ಅವ್ವ ಒಲಿ ಮುಂದ ಇದ್ಳು. ಒಂದ ಫೋಟೋದಾಗ ಕೈ ಅಷ್ಟ ಬಂದೈತಿ, ಹುಗ್ಗಿ ಬಡಸೂದು."

ಅವಳಿಗೆ ಕೂಡಲು ಹೇಳುವುದನ್ನೂ ಮರೆತೆ. ಇಳಕಲ್ ಸೀರೆ ಉಟ್ಟು ಬೀಗರು ಅಂಜುವ ಹಾಗೆ ನಿಲ್ಲಬೇಕಾಗಿದ್ದವಳು, ನಾನು ಹೋಗಲಿಲ್ಲವೆಂದು ಒಂದು ಕೈಯಾಗಿ ಉಳಿದಿದ್ದಳು. "ಐತಿ, ಹುಡುಕಿ ಕೊಡ್ತೀನಿ" ಅಂದೆ. ಐತೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ನಾಲ್ಕೂ ಡಬ್ಬಿ ಕಿಟಕಿಯ ಹತ್ತಿರ ಸುರಿದುಕೊಂಡೆ. ವರ್ಷ ಬರೆಯದ ತಪ್ಪು ಆಗ ತಿಳಿಯಿತು. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು? ಒಂದೊಂದೇ ಪಟ್ಟಿ ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡುತ್ತ ಹೋದೆ. ನೆಗೆಟಿವಿನಲ್ಲಿ ಎಲ್ಲ ತಿರುವುಮುರುವು: ಮಳೆ ಕಪ್ಪು, ಕೂದಲು ಬಿಳಿ. ಮೂರು ದಿನ ಊಟದ ನೆನಪಿಲ್ಲ. ಅತ್ತೆ ಒಂದು ಸಲ ಬಂದು ನೋಡಿ, ನನ್ನ ಹತ್ತಿರ ರೊಟ್ಟಿಯ ತಾಟು ಇಟ್ಟು ಹೋದರು.

ಬಾಳವ್ವ ಇದ್ದಳು. ಒಂದರಲ್ಲಲ್ಲ, ಹತ್ತರಲ್ಲಲ್ಲ. ಇಷ್ಟು ವರ್ಷ ನಾನು ಊರಿನ ಫೋಟೋ ತೆಗೆಯುತ್ತಿದ್ದೇನೆ ಅಂದುಕೊಂಡಿದ್ದೆ. ನೋಡಿದರೆ ಮೂರು ರೋಲಿಗೆ ಒಂದರಲ್ಲಾದರೂ, ರಸ್ತೆಯ ಮೂಲೆಯಲ್ಲೋ ನಲ್ಲಿಯ ಹತ್ತಿರವೋ ಅವಳು ಬರುವ ಹೊತ್ತಿಗೇ ನನ್ನ ಬೆರಳು ಗುಂಡಿ ಒತ್ತಿತ್ತು. ಆದರೆ ಮುಖ? ಮಳೆಯಲ್ಲಿ ಗೋಣಿಚೀಲ ಮಡಚಿದ ಕೊಪ್ಪೆ ಮೂಗಿನ ತನಕ ಇಳಿದಿತ್ತು. ಚಳಿಯಲ್ಲಿ ಚಾದರ. ತಂಬಾಕಿನ ದಿನಗಳಲ್ಲಿ ಧೂಳಿಗೆಂದು ಮೂಗು ಬಾಯಿಗೆ ಬಿಗಿದ ಬಟ್ಟೆ. ಬಿಸಿಲಿನಲ್ಲಿ ಹಣೆಗೆ ಜಗ್ಗಿದ ಸೆರಗಿನ ನೆರಳು. ಇಡೀ ವರ್ಷ, ಎಲ್ಲ ವರ್ಷ, ಬಾಳವ್ವ ಮುಚ್ಚಿಕೊಂಡೇ ನಡೆದಿದ್ದಳು. ಅವಳು ಮುಖ ತೆರೆಯುತ್ತಿದ್ದದ್ದು ದಿನಕ್ಕೆ ಒಂದು ಸಲ, ನನ್ನ ಕಿಟಕಿಯ ಕೆಳಗೆ, ನನ್ನನ್ನು ಕೂಗುವಾಗ. ಆ ಹೊತ್ತಿನಲ್ಲಿ ನಾನು ಕ್ಯಾಮರಾ ಕೆಳಗಿಟ್ಟು ನಗುತ್ತ ಕೂತಿರುತ್ತಿದ್ದೆ. ಅದಕ್ಕೇ ಅದೊಂದು ಯಾವ ಡಬ್ಬಿಯಲ್ಲೂ ಇರಲಿಲ್ಲ.

ಕಸ್ತೂರಿ ಮತ್ತೆ ಬಂದಾಗ ಇದ್ದುದನ್ನೇ ಆರು ಫೋಟೋ ಮಾಡಿ ಅವಳ ಮುಂದೆ ಹರಡಿದೆ. ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದನ್ನು ಹೇಳಿದೆ.

"ನಿನ್ನ ಲಗ್ನದಾಗ ಕ್ಯಾಮರಾ ರಿಪೇರಿಗೆ ಹೋಗಿರಲಿಲ್ಲವ್ವಾ. ನಾನಽ ಬರಲಿಲ್ಲ."

"ಗೊತ್ತೈತ್ರಿ. ಅವ್ವ ಹೇಳಿದ್ಳು."

"ಏನಂದ್ಲು?"

"ಆ ಫೋಟೋ ಬಾಯಿಗಿ ಮೆಟ್ಟಲಾ ಏರಾಕ ಬರ್ತೈತಿ, ಇಳ್ಯಾಕ ಬರಂಗಿಲ್ಲ ಅಂದ್ಲು. ಸಿಟ್ಟಿಗೆದ್ದಿದ್ಳು. ಆಮ್ಯಾಲ ಆಕೀಗೇ ಕೆಟ್ಟ ಅನಸ್ತಿತ್ತು. 'ನಾ ಮಾತಾಡಸೂ ತನಕಾ ಆಕೀ ಮಾತಾಡಂಗಿಲ್ಲ, ನಾ ಯಾಕ ಮೊದಲ ಮಾತಾಡ್ಲಿ' ಅಂತಿದ್ಳು. ದಿನಾ ಅಂತಿದ್ಳು ಬಾಯಾರ. ಮನಿಗಿ ಬಂದ ಕೂಡ್ಲೆ ಅಂತಿದ್ಳು."

ನಾನು ಆರೂ ಫೋಟೋಗಳನ್ನು ಅವಳ ಹತ್ತಿರ ಇನ್ನಷ್ಟು ಸರಿಸಿದೆ.

ಅವಳು ಆರನ್ನೂ ನೋಡಿ ಮಳೆಯದನ್ನು ಎತ್ತಿಕೊಂಡಳು. ಕೊಪ್ಪೆ ಹೊದ್ದ ಒಂದು ಆಕಾರ, ಒಂದು ಕೈಯಲ್ಲಿ ಎತ್ತಿ ಹಿಡಿದ ಸೀರೆಯ ಅಂಚು, ಕೆಸರಿನಲ್ಲಿ ಊರಿದ ಪಾದ.

"ಇದನ್ನ ದೊಡ್ಡದ ಮಾಡಿ ಕೊಡ್ರಿ."

"ಮಾರಿ ಕಾಣಂಗಿಲ್ಲಲ್ಲ ಕಸ್ತೂರಿ?"

"ನಾ ಸಣ್ಣಾಕಿದ್ದಾಗ ಸಾಲಿ ಮುಂದ ಕರ್ಯಾಕ ಬರ್ತಿದ್ಳಲ್ರಿ, ಮಳ್ಯಾಗ ಎಲ್ಲಾರ ಅವ್ವಗೋಳೂ ಕೊಪ್ಪಿ ಹಾಕ್ಕೊಂಡೇ ನಿಂತಿರ್ತಿದ್ರು. ನಾ ಓಡಿ ಹೋಗಿ ಬರೊಬ್ಬರಿ ನಮ್ಮವ್ವನ್ನಽ ಹಿಡೀತಿದ್ನಿ. ಒಂದ ದಿನಾನೂ ತಪ್ಪಿಲ್ಲ."

ದೊಡ್ಡದು ಮಾಡಿ ಕಟ್ಟು ಹಾಕಿಸಿದೆ. ಅದನ್ನು ಕಸ್ತೂರಿಗೆ ಬಂದು ಒಯ್ಯಲು ಹೇಳಲಿಲ್ಲ. ದಿನಕರ್ಮದ ಬೆಳಿಗ್ಗೆ ಎದೆಗೆ ಅವಚಿಕೊಂಡು ನಾನೇ ಮೆಟ್ಟಿಲು ಇಳಿದೆ. ಹನ್ನೆರಡು ವರ್ಷ ಮೇಲಿನಿಂದ ನೋಡಿದ ರಸ್ತೆಯಲ್ಲಿ ನಡೆಯುವಾಗ ದಾರಿ ತಪ್ಪಿದ ಹಾಗಾಯಿತು. ಮೇಲಿನಿಂದ ಊರಿಗೆ ಬರೀ ತಲೆಗಳಿರುತ್ತವೆ. ಕೆಳಗೆ ಬಂದರೆ ಕಣ್ಣುಗಳಿರುತ್ತವೆ. ನಲ್ಲಿಯ ಹತ್ತಿರ ಇಬ್ಬರು ಸರಿದು ದಾರಿ ಬಿಟ್ಟರು, ಅಷ್ಟೇ. ಯಾರೂ ಏನೂ ಅನ್ನಲಿಲ್ಲ. ಮಂದಿ ಏನೋ ಅಂದಾರು ಅಂತ ನಾನು ಕಾಯುತ್ತಲೇ ನಡೆದೆ.

ಫೋಟೋಕ್ಕೆ ಹಾರ ಹಾಕಿ ಇಟ್ಟಾಗ ದೂರದ ಕಾಕಾ ಒಬ್ಬ ಕಣ್ಣು ಕಿರಿದು ಮಾಡಿ ನೋಡಿ, "ಇದೇನವ್ವಾ, ಗೋಣಿಚೀಲಕ್ಕ ಹಾರ ಹಾಕೀರಿ?" ಅಂದ. "ನೀ ಆಕೀ ಮಾರಿ ಯಾವಾಗ ನೋಡಿದ್ದಿ ಕಾಕಾ, ಈಗ ಗುರುತ ಹಿಡ್ಯಾಕ?" ಅಂದಳು ಕಸ್ತೂರಿ. ಕಾಕಾ ಹುಗ್ಗಿಯ ಕಡೆಗೆ ಸರಿದ.

ಅಲ್ಲಿ ವಖಾರಿಯ ಹೆಂಗಸರೆಲ್ಲ ಬಂದಿದ್ದರು. ಫೋಟೋ ನೋಡಿದರು, ನನ್ನನ್ನು ನೋಡಿದರು, ತಮ್ಮತಮ್ಮಲ್ಲೇ ಗುಜುಗುಜು ಅಂದರು. ಅವರಲ್ಲಿ ಹಿರಿಯಳೊಬ್ಬಳು ನನ್ನ ಮೊಣಕೈ ಹಿಡಿದು ಹೊರಗೆ ಕರೆದೊಯ್ದಳು. "ಬಾಯಾರ, ನಮ್ಮವೂ ತಗೀರಿ. ಮಾರಿ ಬಿಚ್ಚಿಕೊಂಡ ಕುಂದರ್ತೀವಿ. ನಮ್ಮ ಹುಡುಗೋರು ನಾಳೆ ಡಬ್ಬಿ ಹುಡುಕಬಾರದು."

ಮುಂದಿನ ನಾಲ್ಕೈದು ವರ್ಷ ನನ್ನ ರೋಲು ತುಂಬಿದ್ದು ಹೀಗೆ. ಸಂಜೆ ವಖಾರಿ ಬಿಡುವ ಹೊತ್ತಿಗೆ ಹೋಗಿ ಗೋಡೆಯ ಹತ್ತಿರ ನಿಲ್ಲುತ್ತಿದ್ದೆ. ಅವರು ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚಿ, ತಂಬಾಕಿನ ಧೂಳು ಒರೆಸಿ, ಒಬ್ಬರ ಕುಂಕುಮ ಒಬ್ಬರು ತೀಡಿ, "ಏ ಮೂಗ ಒರಸ್ಕೋ ಬೇ" ಅಂತ ಬೈದಾಡಿ ನಿಲ್ಲುತ್ತಿದ್ದರು. ಆಮೇಲೆ ಬಣ್ಣದ ಫೋಟೋ ಬಂತು, ತೊಳೆಯುವ ಮಶಿನ್ನು ಬಂತು, ನನ್ನ ಮೂರು ತಟ್ಟೆಗಳಲ್ಲಿ ಸೊಪ್ಪು ತೊಳೆಯತೊಡಗಿದೆ. ಮಗ ದೊಡ್ಡವನಾಗಿ ಅಂಗಡಿ ಹಿಡಿದ. ಆದರೆ ಆ ಗೋಡೆಯ ಮುಂದೆ ನಿಂತವರ ಪೈಕಿ ಕೆಲವರ ಮನೆಗೆ ಈಗ ಹೋದರೆ ಹಾರ ಹಾಕಿದ ಚೌಕಟ್ಟಿನಲ್ಲಿ ಮುಖ ಇದೆ, ಕಣ್ಣಿದೆ, ಕೆಲವರಿಗೆ ನಗುವೂ ಇದೆ. ಬಾಳವ್ವನಿಗೆ ಮಾತ್ರ ಇಲ್ಲ. ಅದನ್ನು ಯಾವ ಸಂತೋಷವೂ ತುಂಬಿಕೊಡುವುದಿಲ್ಲ, ಗುಬ್ಬಿ ಹುಟ್ಟಿದ ಸಂತೋಷವೂ. ಅದು ಪಕ್ಕದಲ್ಲೇ ಕೂತಿರುತ್ತದೆ, ಅಷ್ಟೇ.

ಸಂಜೆ ನಾಳೆಯ ಹುಟ್ಟುಹಬ್ಬಕ್ಕೆ ಕರೆಯಲು ಹೊರಟೆ. ಫೋನಿನಲ್ಲಿ ಕರೆದರೆ ಸಾಕು ಅಂತ ಮಗ ಅಂದ. ಮೊಮ್ಮಗಳ ಸುದ್ದಿಯನ್ನು ಫೋನಿನಲ್ಲಿ ಹೇಳುವವಳೇ ನಾನು? ಅವಳನ್ನೇ ಎತ್ತಿಕೊಂಡು ಮನೆಮನೆಗೆ ಹೋದೆ, ಎಲ್ಲ ಕಡೆಯೂ ಐದನೆಯ ಹಲ್ಲು ತೋರಿಸಿದೆ. ಕಡೆಗೆ ಕಸ್ತೂರಿಯ ಮನೆಗೆ. ಕಸ್ತೂರಿಗೂ ಈಗ ಐವತ್ತರ ಹತ್ತಿರ, ಕನ್ನಡಕ ಬಂದಿದೆ. ಗುಬ್ಬಿಯನ್ನು ನನ್ನಿಂದ ಕಸಿದುಕೊಂಡು ಮುದ್ದಾಡಿದಳು. "ನಾಳೆ ನೂಡಲ್ಸ್ ಅಂತ, ಸ್ಟುಡಿಯೋ ವಾಸನೀದು. ಬಂದು ಹೊಟ್ಟಿ ಕೆಡಸ್ಕೋ" ಅಂದೆ. ಇಬ್ಬರೂ ನಕ್ಕೆವು.

ನಾವು ಮಾತಾಡುತ್ತಿರುವಾಗ ಗುಬ್ಬಿ ಕೆಳಗಿಳಿದು, ಗೋಡೆಗೆ ಒರಗಿಸಿದ ಪೆಟ್ಟಿಗೆ ಹಿಡಿದುಕೊಂಡು ನಿಂತಳು. ಪೆಟ್ಟಿಗೆಯ ಮೇಲೆಯೇ ಬಾಳವ್ವನ ಫೋಟೋ. ಈ ವಾರವೆಲ್ಲ ನಮ್ಮ ಮನೆಯಲ್ಲಿ ಒಂದೇ ಆಟ: ಸೊಸೆ ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳುತ್ತಾಳೆ, ಗುಬ್ಬಿ ಉಸಿರು ಹಿಡಿದು ಕಾಯುತ್ತಾಳೆ, ಇವಳು 'ಭೋ' ಅಂತ ತೆರೆದ ಕೂಡಲೇ ಅವಳು ಬಿದ್ದು ಬಿದ್ದು ನಗುತ್ತಾಳೆ. ಈಗ ಗುಬ್ಬಿ ಕೊಪ್ಪೆ ಹೊದ್ದವಳನ್ನು ನೋಡಿದಳು. ಕುತ್ತಿಗೆ ಓರೆ ಮಾಡಿ, ಆ ಚೀಲದ ಅಡಿಯಿಂದ ಇಣುಕಲು ಬಗ್ಗಿದಳು. ಕಾಣಲಿಲ್ಲ. ತನ್ನ ಎರಡೂ ಅಂಗೈಯನ್ನು ಮುಖಕ್ಕೆ ಇಟ್ಟುಕೊಂಡಳು, ತೆಗೆದಳು.

"ಭೋ!"

ಆಮೇಲೆ ಫೋಟೋದವಳ ಸರದಿ ಎಂದು ಕಾಯುತ್ತ ನಿಂತಳು. ಕಣ್ಣು ಮಿಟುಕಿಸಲಿಲ್ಲ. ಮುಚ್ಚಿಕೊಂಡವರು ತೆರೆದೇ ತೆರೆಯುತ್ತಾರೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ತುಟಿಯ ತುದಿಯಲ್ಲಿ ನಗು ಆಗಲೇ ಸಿದ್ಧವಾಗಿತ್ತು.

ಗುಬ್ಬಿಯನ್ನು ಎತ್ತಿಕೊಳ್ಳಲು ನಾನು ಚಾಚಿದ ಕೈಯನ್ನು ಕಸ್ತೂರಿ ಮೆಲ್ಲಗೆ ಹಿಡಿದು ಕೆಳಗಿಳಿಸಿದಳು. ನಾವಿಬ್ಬರೂ ಗುಬ್ಬಿಯ ಹಿಂದೆ, ಅವಳಷ್ಟೇ ಸುಮ್ಮನೆ, ಫೋಟೋ ನೋಡುತ್ತ ನಿಂತೆವು.